ಎಡಗಡೆ ಮುಂಚಕ್ರದ ಸದ್ದು

ನಾನು ಮದುವೆಯಾಗಿ ಯಲಿಯೂರಿಗೆ ಬಂದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ನನ್ನ ಮಾವ ನನ್ನ ಜೊತೆ ಒಂದೇ ಒಂದು ಮಾತಾಡಿರಲಿಲ್ಲ. ಹೆಚ್ಚು ಮಾಡಿ ಹೇಳುತ್ತಿಲ್ಲ, ನಿಜವಾಗಿ ಒಂದೂ ಇಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆಯ ಬೇಸಾಯದ ಮನೆಗಳಲ್ಲಿ ಸೊಸೆ ಮಾವನ ಎದುರಿಗೆ ನಿಂತು ಮಾತಾಡುವ ಹಾಗಿರಲಿಲ್ಲ. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಕಂಬಕ್ಕೋ ಗೋಡೆಗೋ ಹೇಳಿದ ಹಾಗೆ ಹೇಳಬೇಕು: ‘ಎಲೆ ಹಾಕಿವ್ನಿ’, ‘ನೀರು ಕಾದದೆ’. ಮಾವ ಅನ್ನಿಸಿಕೊಂಡವರೂ ಗೋಡೆಗೆ ಉತ್ತರ ಕೊಟ್ಟ ಹಾಗೆ ‘ಊಂ’ ಅನ್ನುತ್ತಾರೆ. ಅಕ್ಕಪಕ್ಕದ ಮನೆಯ ಸೊಸೆಯರಿಗೆಲ್ಲ ಆ ‘ಊಂ’ ಸಿಗುತ್ತಿತ್ತು. ನನಗೆ ಅದೂ ಇಲ್ಲ. ನಾನು ಹೇಳುವುದನ್ನು ಹೇಳಿ ನಿಂತೇ ಇರುತ್ತಿದ್ದೆ, ಅವರು ಜಗಲಿಯ ಮೇಲೆ ಬೀದಿ ನೋಡುತ್ತ ಕೂತೇ ಇರುತ್ತಿದ್ದರು. ಆಮೇಲೆ ಅತ್ತೆ ಬಂದು ಕೂಗಿದರೆ ಏಳುತ್ತಿದ್ದರು.

ಇದಕ್ಕೆ ಕಾರಣ ಏನು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನ ಅಪ್ಪ ಮಂಡ್ಯದಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದವರು. ಹೊಲ ಗದ್ದೆ ಇಲ್ಲ, ಮೈಯೆಲ್ಲ ಗ್ರೀಸು. ತಾಯಿ ಇಲ್ಲದ ನಾನು ಸ್ಕೂಲು ಬಿಟ್ಟ ಮೇಲೆ ಗ್ಯಾರೇಜಿನಲ್ಲೇ ಬೆಳೆದವಳು. ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುತ್ತಿದ್ದೆ, ದೊಡ್ಡವಳಾದ ಮೇಲೆ ಅಂಗಳದಲ್ಲಿ ಲಾರಿಯನ್ನು ಹಿಂದೆ ಮುಂದೆ ಮಾಡುವುದೂ ಬಂತು. ಅಂಥ ಮನೆಯ ಹೆಣ್ಣು ತಂದದ್ದು ಮಾವನಿಗೆ ಸೇರಿಲ್ಲ, ಅದಕ್ಕೇ ಈ ಬಿಗುಮಾನ ಅಂದುಕೊಂಡಿದ್ದೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಬಾಗಿಲ ಮರೆಯಲ್ಲಿ ನಿಂತು ಮೆಲ್ಲಗೆ ‘ಏಳಿ, ಮುದ್ದೆ ಆರಿ ಕಲ್ಲಾಯ್ತದೆ, ಆಮೇಲೆ ನನ್ನ ತಲೆ ಮ್ಯಾಲೆ ಹಾಕಿ’ ಅಂತ ಗೊಣಗಿದ್ದೂ ಉಂಟು. ಅದಕ್ಕೂ ಅವರು ತಿರುಗಿ ನೋಡಿರಲಿಲ್ಲ.

ಮಾವನ ಜೀವ ಇದ್ದದ್ದು ಕಾರಿನಲ್ಲಿ. ತಮ್ಮ ಆಲೆಮನೆಯ ಬೆಲ್ಲಕ್ಕೆ ಬೆಲೆ ಬಂದ ಒಂದು ವರ್ಷ, ನಾನು ಆ ಮನೆಗೆ ಕಾಲಿಡುವುದಕ್ಕೆ ಎಷ್ಟೋ ಮುಂಚೆ, ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಕರೀ ಕಾರೊಂದನ್ನು ತಂದಿದ್ದರು. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರನ್ನು ಹಾವು ಮುಟ್ಟಿದರೂ ಮಂಡ್ಯದ ಆಸ್ಪತ್ರೆಗೆ ಅದೇ ಕಾರು. ಶ್ರಾವಣದ ಶನಿವಾರ ಮುತ್ತತ್ತಿಯ ದೇವಸ್ಥಾನಕ್ಕೆ ಅದೇ ಕಾರು. ಸ್ಟೇರಿಂಗು ಹಿಡಿದಾಗ ಮಾತ್ರ ಅವರ ಮುಖದ ಗಂಟು ಸಡಿಲವಾಗುತ್ತಿತ್ತು.

ನನ್ನವರು ಮಂಡ್ಯದಲ್ಲಿ ಗುಮಾಸ್ತರು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಅವರಿಗೆ ಆ ಕಾರು ಕಂಡರೆ ಆಗದು. ವಯಸ್ಸಾದ ಅಪ್ಪ, ಅಪ್ಪನಿಗಿಂತ ವಯಸ್ಸಾದ ಗಾಡಿ, ಎಲ್ಲಾದರೂ ಏನಾದರೂ ಆದರೆ ಅನ್ನುವ ಭಯ. ‘ಇನ್ನೊಂದ್ಸಲ ಏನಾರ ಕೆಡ್ಲಿ, ಮಾರ್ಬುಡ್ತೀನಿ. ಮಳವಳ್ಳೀಲಿ ಗಿರಾಕಿ ನೋಡಿ ಮಡ್ಗಿದೀನಿ’ ಅಂತ ಅತ್ತೆಗೆ ಹೇಳಿದ್ದರು. ಅಪ್ಪ ಮಗ ನೇರವಾಗಿ ಮಾತಾಡುತ್ತಿದ್ದದ್ದು ಕಡಿಮೆ, ಎಲ್ಲ ಅತ್ತೆಯ ಮೂಲಕ. ಅತ್ತೆ ಅದನ್ನು ಮಾವನಿಗೆ ಹೇಳಿದ ದಿನ ಅವರು ಊಟ ಮಾಡಲಿಲ್ಲ. ಎರಡು ದಿನ ಕಾರಿನ ಹತ್ತಿರವೇ ಕೂತಿದ್ದರು. ಅವರ ಮೇಲೆ ನನಗೆಷ್ಟೇ ಕೋಪವಿದ್ದರೂ, ಕಾರು ಹೋದರೆ ಈ ಮನುಷ್ಯ ಹಿಡಿಯಾಗಿ ಹೋಗುತ್ತಾರೆ ಅನ್ನುವುದು ಗೊತ್ತಾಗಿತ್ತು.

ಸದ್ದು ನನಗೆ ಮೊದಲು ಕೇಳಿದ್ದು ಮಳವಳ್ಳಿಗೆ ಒಂದು ಗೃಹಪ್ರವೇಶಕ್ಕೆ ಹೋಗುವಾಗ. ಮುಂದೆ ಮಾವ, ಪಕ್ಕದಲ್ಲಿ ಅತ್ತೆ. ಹಿಂದಿನ ಸೀಟಿನಲ್ಲಿ ನಾನು, ಬಾಳೆಗೊನೆ, ತರಕಾರಿ ಮೂಟೆ. ಮದ್ದೂರು ದಾಟಿ ಹುಣಸೆಮರದ ಸಾಲಿಗೆ ಬಂದಾಗ ಎಡಗಡೆಯಿಂದ ಗೊರಗೊರ ಅಂತ ಸಣ್ಣಗೆ ಶುರುವಾಯಿತು. ಮೊದಲು ರಸ್ತೆಯ ಜಲ್ಲಿ ಅಂದುಕೊಂಡೆ. ಜಲ್ಲಿ ಮುಗಿದರೂ ಸದ್ದು ಮುಗಿಯಲಿಲ್ಲ. ಕಾರು ಬಲಕ್ಕೆ ತಿರುಗಿದಾಗ ಜೋರಾಗುತ್ತಿತ್ತು, ಎಡಕ್ಕೆ ತಿರುಗಿದಾಗ ಅಡಗುತ್ತಿತ್ತು. ನಾನು ಕಣ್ಣು ಮುಚ್ಚಿ ಕೇಳಿದೆ. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಗಡೆಗೆ ಬೀಳುತ್ತದೆ. ಭಾರ ಬಿದ್ದಾಗ ಕೂಗುವುದು ಸವೆದ ಬೇರಿಂಗು. ಅಪ್ಪ ಲಾರಿಗಳ ಪಕ್ಕ ಕೂರಿಸಿಕೊಂಡು ಇಂಥದ್ದನ್ನು ನೂರು ಸಲ ತೋರಿಸಿದ್ದರು. ಆ ಬೇರಿಂಗು ಒಡೆದರೆ ಮುಂದಿನ ಚಕ್ರವೇ ಕಳಚಿಕೊಳ್ಳಬಹುದು.

ನಾನು ಮುಂದಕ್ಕೆ ಬಾಗಿ ಅತ್ತೆಗೆ ಹೇಳಿದೆ. ಅತ್ತೆಯದು ದೊಡ್ಡ ಗಂಟಲು, ಅವರು ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಆಚೆ ಬೀದಿಯವರು ತಂದುಕೊಡಬೇಕು, ಹಾಗೆ. ಅವರು ಮಾವನ ತೋಳು ಹಿಡಿದು ಅಲ್ಲಾಡಿಸಿ, ‘ಚಕ್ರದಲ್ಲಿ ಏನೋ ಸದ್ದು ಬತ್ತದಂತೆ’ ಅಂತ ಕೂಗಿದರು.

‘ನನ್ ಗಾಡೀಲಿ ಎಂತಾ ಸದ್ದು? ನಂಗೇನೂ ಕೇಳ್ನಿಲ್ವಲ್ಲ’ ಅಂದರು ಮಾವ. ಆದರೂ ನಿಲ್ಲಿಸಿ, ಇಳಿದು, ನಾಲ್ಕು ಟೈರಿಗೂ ಒಂದೊಂದು ಒದೆ ಕೊಟ್ಟು, ಹತ್ತಿ ಕೂತು ಮತ್ತೆ ಹೊರಟರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಹೊತ್ತೂ ಗೊರಗುಟ್ಟುತ್ತಿರುವುದು ಕೇಳುವುದಿಲ್ಲವಂತೆ. ಹೇಳಿದವಳು ಗ್ಯಾರೇಜಿನವನ ಮಗಳು ಅಂತ ತಾನೆ ಈ ಹಟ, ಅಂದುಕೊಂಡು ಮಳವಳ್ಳಿ ತಲುಪುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಮುಂದಿನ ಶುಕ್ರವಾರ ನಾದಿನಿಯನ್ನು ಕರೆತರಬೇಕಿತ್ತು. ಅವಳ ಗಂಡ ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸ, ಮನೆ ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಚೊಚ್ಚಲ ಬಸುರಿ, ಒಂಬತ್ತಕ್ಕೆ ಬಿದ್ದಿತ್ತು, ಬಾಣಂತನ ತವರಲ್ಲಿ. ತುಂಬಿದ ಬಸುರಿಯನ್ನು ಆ ಚಕ್ರದ ಮೇಲೆ ಕೂರಿಸಿಕೊಂಡು ಅಷ್ಟು ದೂರ ಬರುವುದು ಆಗದ ಮಾತು. ಗಂಡನಿಗೆ ಹೇಳಿದರೆ ಕಾರು ಮರುದಿನವೇ ಮಳವಳ್ಳಿಗೆ. ಮಾವನಿಗೆ ಹೇಳೋಣವೆಂದರೆ ನಾನು ಅವರ ಪಾಲಿಗೆ ಮನುಷ್ಯಳೇ ಅಲ್ಲ. ಎರಡು ದಿನ ಇದೇ ಯೋಚನೆ, ಸಾರಿಗೆ ಎರಡು ಸಲ ಉಪ್ಪು ಹಾಕಿ ಬೈಸಿಕೊಂಡೆ.

ಬುಧವಾರ ಮಧ್ಯಾಹ್ನ ಬಟ್ಟೆ ಒಗೆಯಲು ನಾಲೆಗೆ ಹೋದೆ. ದನಗಳನ್ನು ನೀರಿಗೆ ಇಳಿಸುವ ಜಾಗದಲ್ಲಿ ನಮ್ಮ ಜೋಡೆತ್ತು ನಿಂತಿದ್ದವು. ಎತ್ತುಗಳ ಪಕ್ಕದಲ್ಲಿ, ಅವುಗಳ ಹಾಗೆಯೇ ನೀರಲ್ಲಿ ಇಳಿದು, ನಮ್ಮ ಕಾರು ನಿಂತಿತ್ತು. ಅರ್ಧ ಚಕ್ರ ನೀರೊಳಗೆ. ಮಾವ ಪಂಚೆ ಎತ್ತಿ ಕಟ್ಟಿ, ಒಂದು ಹಿಡಿ ಹುಲ್ಲಿನಿಂದ ಎತ್ತಿನ ಬೆನ್ನು ಉಜ್ಜಿ, ಅದೇ ಹುಲ್ಲಿನಿಂದ ಕಾರಿನ ಬೆನ್ನು ಉಜ್ಜುತ್ತಿದ್ದರು. ಮಗಳನ್ನು ಕರೆತರಲು ಹೋಗುವ ಗಾಡಿ ಮಿಂಚಬೇಕಲ್ಲ. ವರ್ಷಗಟ್ಟಲೆ ಅವರು ಅದಕ್ಕೆ ಹೀಗೇ ಮೈ ತೊಳೆಸುತ್ತಿದ್ದರಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರಿಂಗಿನ ಗ್ರೀಸೆಲ್ಲ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ನೀರಲ್ಲಿ ಬಣ್ಣಬಣ್ಣವಾಗಿ ತೇಲುತ್ತಿತ್ತು.

ಮಾವ ನನಗೆ ಬೆನ್ನು ಮಾಡಿದ್ದರು. ನಾನು ದಂಡೆಯ ಮೇಲೆ ನಿಂತು, ಪದ್ಧತಿಯ ಪ್ರಕಾರ ಎತ್ತಿಗೆ ಹೇಳಿದೆ: ‘ನೋಡಪ್ಪ ಎತ್ತೇ, ನಿನ್ ಯಜಮಾನ್ರಿಗೆ ಯೋಳು. ಕಾರು ಎತ್ತಲ್ಲ, ಅದುನ್ನ ನೀರಿಗೆ ಇಳುಸ್ಬಾರ್ದು. ಎಡಗಡೆ ಮುಂದ್ಲ ಚಕ್ರದ ಬೇರಿಂಗು ಓಗ್ಬುಟ್ಟದೆ.’ ಎತ್ತು ಕಿವಿ ಆಡಿಸಿತು. ಮಾವ ಉಜ್ಜುತ್ತಲೇ ಇದ್ದರು. ಇನ್ನೊಂದು ಸಲ ಹೇಳಿದೆ, ಜೋರಾಗಿ. ಇಲ್ಲ. ಆಗ ನನ್ನ ತಲೆ ಕೆಟ್ಟುಹೋಯಿತು. ಎರಡು ವರ್ಷದ್ದೆಲ್ಲ ಒಟ್ಟಿಗೆ ಬಂತು. ‘ಕೋಣನ ಮುಂದೆ ಕಿನ್ನರಿ ಬಾರ್ಸೋದು ನಂಗೇನ್ ಗಾಚಾರ? ಒಂದ್ ಮಾತಾಡುದ್ರೆ ಬಾಯಿ ಸವೆದೋಯ್ತದಾ ನಿಮ್ದು? ನಮ್ಮಪ್ಪ ಮೈ ಬಗ್ಸಿ ದುಡ್ದು ತಿಂದೋನು, ಕದ್ದು ತಿಂದೋನಲ್ಲ’ ಅಂತ ಮಾವನ ಬೆನ್ನಿಗೇ ಅಂದುಬಿಟ್ಟೆ. ಮನೆಯಿಂದ ಆಚೆ ಹಾಕಿಸಿಕೊಳ್ಳುವಂಥ ಮಾತು ಅದು. ಮಾವ ಬಗ್ಗಿ ಹುಲ್ಲನ್ನು ನೀರಲ್ಲಿ ಅದ್ದಿಕೊಂಡರು.

ಅಷ್ಟರಲ್ಲಿ ಮೈಸೂರು ಕಡೆಯ ರೈಲು ಬಂತು. ನಾಲೆಯ ಆಚೆಗೇ ರೈಲುದಾರಿ. ಹಳಿಯ ಮೇಲೆ ಯಾರದೋ ಮೇಕೆ ಇತ್ತೋ ಏನೋ, ಇಂಜಿನ್ನು ಕಿವಿ ಹರಿಯುವ ಹಾಗೆ ಉದ್ದಕ್ಕೂ ಸಿಳ್ಳೆ ಹಾಕಿತು. ನನ್ನ ಕೈಲಿದ್ದ ಬಟ್ಟೆಯ ಗಂಟು ಬಿತ್ತು. ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಎತ್ತುಗಳು ಎರಡೂ ತಲೆ ಕೊಡವಿದವು. ಮಾವ ಮಾತ್ರ ಬೆಚ್ಚಲಿಲ್ಲ, ತಿರುಗಲಿಲ್ಲ. ಎತ್ತು ಹಗ್ಗ ಎಳೆದಾಗಲೇ ಅವರು ಏನಾಯಿತು ಅಂತ ತಲೆ ಎತ್ತಿ, ಆಗ ಕಣ್ಣಿಗೆ ಬಿದ್ದ ರೈಲನ್ನು ನೋಡಿದ್ದು.

ನಾನು ಅಲ್ಲೇ ಕೂತುಬಿಟ್ಟೆ. ನನ್ನ ಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ಬಿಗುಮಾನವೂ ಅಲ್ಲ, ತಾತ್ಸಾರವೂ ಅಲ್ಲ. ಎರಡು ವರ್ಷ ಬಾಗಿಲ ಮರೆಯಲ್ಲಿ ಮೆಲ್ಲಗೆ ಆಡಿದ ನನ್ನ ಒಂದು ಮಾತೂ ಆ ಮನುಷ್ಯನನ್ನು ಮುಟ್ಟಿರಲಿಲ್ಲ, ನಾನು ಎರಡು ವರ್ಷ ಅವರನ್ನು ಬೈದುಕೊಂಡು ಉಂಡಿದ್ದೆ. ನಾಚಿಕೆಯಾಯಿತು, ಅಳು ಬಂತು. ಕಣ್ಣೊರೆಸಿಕೊಂಡು ಸೀರೆ ಎತ್ತಿ ಸಿಕ್ಕಿಸಿ ನೀರಿಗೆ ಇಳಿದೆ. ಕಾರನ್ನು ಸುತ್ತಿಕೊಂಡು ಹೋಗಿ ಮಾವನ ಎದುರಿಗೇ ನಿಂತೆ. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ. ಚಕ್ರ ತೋರಿಸಿ, ಬಾಯಿ ಬಿಡಿಸಿ ಬಿಡಿಸಿ, ಗಂಟಲು ಹರಿಯುವ ಹಾಗೆ, ‘ಮಾವ, ಬೇರಿಂಗು ಓಗ್ಬುಟ್ಟದೆ’ ಅಂದೆ.

ಮಾವ ಚಕ್ರ ನೋಡಲಿಲ್ಲ. ನನ್ನ ಮುಖ ನೋಡಿದರು. ಹೋಗುತ್ತಿದ್ದ ರೈಲು ನೋಡಿದರು, ದಂಡೆಯಲ್ಲಿ ಬಿದ್ದಿದ್ದ ಬಟ್ಟೆ ಗಂಟು ನೋಡಿದರು. ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ನನ್ನ ಜೊತೆ ಅವರಾಡಿದ ಮೊದಲ ಮಾತು ಇದು: ‘ಯಾರ್ಗೂ ಯೋಳ್ಬ್ಯಾಡ ಕಣವ್ವ. ಅವ್ನು ಗಾಡಿ ಕಿತ್ಕೊಬುಡ್ತಾನೆ.’

ಆ ರಾತ್ರಿ ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದು, ನಿಮಗೆ ಇದು ಗೊತ್ತಿತ್ತಾ ಅಂತ ಕೇಳಿದೆ. ಅವರು ರಾಗಿಹಿಟ್ಟು ಜರಡಿ ಹಿಡಿಯುತ್ತ, ತಲೆ ಎತ್ತದೆ, ‘ಗೊತ್ತಿಲ್ದೆ ಇದ್ದದಾ? ಆಲೆಮನೆ ಇಂಜಿನ್ನು ಪಕ್ಕ ಇಪ್ಪತ್ತು ವರ್ಸ ನಿಂತು ನಿಂತು ಕಿವಿ ಓಯ್ತು. ನಾನೇನ್ ಹುಟ್ಟುತ್ಲೇ ಇಂಗ್ ಕಿರ್ಚುತಿದ್ನಾ?’ ಅಂದರು. ನನಗೆ ಯಾಕೆ ಹೇಳಲಿಲ್ಲ ಅಂದದ್ದಕ್ಕೆ, ‘ನಿಂಗ್ ಯೋಳುದ್ರೆ ನೀನು ಗಂಡಂಗೆ ಯೋಳ್ತಿದ್ದೆ’ ಅಂದರು. ಅದು ನಿಜ.

ಮರುದಿನ ನನ್ನವರು ರೈಲು ಹತ್ತಿದ ಕೂಡಲೇ ಕಾರನ್ನು ಹಿತ್ತಿಲಲ್ಲಿ ಹುಲ್ಲಿನ ಮೆದೆಯ ಮರೆಗೆ ತಂದೆವು. ಅತ್ತೆ ಬೀದಿಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕಾವಲು ಕೂತರು. ಜಾಕು ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಸಡಿಲ ಹಲ್ಲಿನ ಹಾಗೆ ಆಡಿತು. ಮಾವ ನೋಡಿದರು, ಆದರೂ ನಂಬಿಕೆ ಬಂದಂತೆ ಕಾಣಲಿಲ್ಲ. ಸದ್ದು ಕೇಳದವರಿಗೆ ಸದ್ದನ್ನು ಹೇಗೆ ತೋರಿಸುವುದು? ಗ್ಯಾರೇಜಿನ ಗದ್ದಲದಲ್ಲಿ ಏನೂ ಕೇಳದಾಗ ಅಪ್ಪ ಮಾಡುತ್ತಿದ್ದದ್ದು ನೆನಪಾಯಿತು. ಚಕ್ರದ ಹಿಂದೆ ಕುಲುಕಾಟ ತಡೆಯುವ ಕಮಾನು ಪಟ್ಟಿ ಇರುತ್ತದಲ್ಲ, ಮಾವನ ಅಂಗೈಯನ್ನು ಹಿಡಿದು ಅದರ ಮೇಲೆ ಒತ್ತಿ ಇಟ್ಟೆ. ಮಾವನ ಕೈ ಮುಟ್ಟಿದ್ದೂ ಅದೇ ಮೊದಲು. ಇನ್ನೊಂದು ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿದೆ.

ಅವರ ಹುಬ್ಬು ಮೇಲಕ್ಕೆ ಹೋಯಿತು. ‘ಇನ್ನೊಂದ್ಸಲ ತಿರುಗ್ಸು’ ಅಂದರು. ತಿರುಗಿಸಿದೆ. ‘ಜರ್ರ್ ಅಂತದಲ್ಲವ್ವ, ರಾಗಿ ಹಾಕ್ದೆ ಬೀಸೋ ಕಲ್ಲಿನಂಗೆ. ಗೇರು ಯಾವಾಗ ಹಾಕ್ಬೇಕು ಅಂತ ನಂಗೆ ಕಾಲೇ ಯೋಳ್ತದೆ. ಇದುನ್ನೂ ಯೋಳ್ತಿತ್ತು ಕಣವ್ವ, ನಾನು ರಸ್ತೆ ಗುಂಡಿ ಅಂದ್ಕಂಡೆ’ ಅಂದರು. ಬಲಗಡೆ ಚಕ್ರವನ್ನೂ ಎತ್ತಿಸಿ ಅದರ ಮೇಲೂ ಕೈಯಿಟ್ಟು ನೋಡಿದರು. ಅದು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಅವರಿಗೆ ಅವತ್ತು ಆದ ಸಂತೋಷ ನೋಡಬೇಕಿತ್ತು. ಹೋದದ್ದೇನೋ ವಾಪಸು ಸಿಕ್ಕಿದ ಹಾಗೆ ಎರಡು ಚಕ್ರವನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದರು.

ಬೇರಿಂಗು ಬಿಚ್ಚಿದರೆ ಒಳಗೆ ಗ್ರೀಸಿನ ಹೆಸರಿಲ್ಲ, ಕೆಂಪು ತುಕ್ಕು. ಅದನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಮಂಡ್ಯಕ್ಕೆ ರೈಲಿನಲ್ಲಿ ಹೋಗಿ ಅಪ್ಪನಿಂದ ಹೊಸದನ್ನು ತಂದೆ. ಅಪ್ಪ ತುಕ್ಕು ನೋಡಿ, ‘ಏನಮ್ಮಿ, ನಿಮ್ಮಾವ ಕಾರಲ್ಲಿ ಮೀನು ಹಿಡೀತಾರಾ?’ ಅಂದರು. ಸಂಜೆಯೊಳಗೆ ಕೂರಿಸಿದೆವು. ನಾನು ಅಂಗೈತುಂಬ ಗ್ರೀಸು ತುಂಬುತ್ತಿದ್ದಾಗ ಮಾವ ಪಕ್ಕದಲ್ಲಿ ಕೂತು, ‘ಅಲ್ಲವ್ವ, ಬಾಗ್ಲತಾವ ನಿಂತ್ಕಂಡು ಬಾಯಾಡುಸ್ತಿದ್ದಲ್ಲ, ಏನ್ ಅಂತಿದ್ದೆ?’ ಅಂದರು.

‘ಊಟಕ್ಕೆ ಬನ್ನಿ ಅಂತಿದ್ದೆ ಮಾವ.’

‘ಅಷ್ಟೇಯಾ? ನಾನು, ಪ್ಯಾಟೆ ಹೆಣ್ಣು, ಈ ಅಳ್ಳಿ ಮನೆ ಸೇರ್ದೆ ಗೊಣಗ್ತಾಳೆ ಅಂದ್ಕಂಡಿದ್ದೆ.’

‘ಗೊಣಗ್ತಾನೂ ಇದ್ದೆ’ ಅಂದೆ. ಮಾವ ನಕ್ಕರು. ಮೇಲಿನ ಎರಡು ಹಲ್ಲು ಇಲ್ಲ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಶುಕ್ರವಾರ ಬೆಳಿಗ್ಗೆ ಅತ್ತೆ ಹಿಂದೆ ಹೋಗಿ ಕೂತು, ‘ನೀನು ಮುಂದೆ ಕುಂತ್ಕೋ’ ಅಂದರು. ಮಾವನ ಪಕ್ಕ ಸೊಸೆ ಕೂರುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಬೀದಿಯ ಹೆಂಗಸರು ಸೊಂಟದ ಕೊಡ ಇಳಿಸಿ ನೋಡಿದರು. ಹಿಂದಿನಿಂದ ಲಾರಿ ಹಾರ್ನ್ ಮಾಡಿದರೆ ಮಾವನ ತೋಳು ಒಂದು ಸಲ ತಟ್ಟುವುದು, ನಿಲ್ಲಿಸಬೇಕಾದರೆ ಎರಡು ಸಲ, ಅಂತ ನಾವಿಬ್ಬರು ಮಾತಾಡಿಕೊಂಡಿದ್ದೆವು. ಮದ್ದೂರು, ಮಳವಳ್ಳಿ, ಶಿವನಸಮುದ್ರ, ಎಲ್ಲೂ ತೊಂದರೆ ಆಗಲಿಲ್ಲ. ಚಕ್ರದಿಂದ ಒಂದು ಚೂರು ಸದ್ದಿಲ್ಲ. ಇನ್ನು ಹತ್ತು ವರ್ಷ ಹೀಗೇ ಓಡಿಸಬಹುದು ಅನ್ನಿಸಿತು ನನಗೆ. ಈಗ ಯೋಚಿಸಿದರೆ ಮೈ ಝುಮ್ಮೆನ್ನುತ್ತದೆ, ಆಗ ನನ್ನ ಬುದ್ಧಿ ಅಷ್ಟೇ ಇತ್ತು.

ವಾಪಸು ಬರುವಾಗ ನಾದಿನಿ ಹಿಂದಿನ ಸೀಟಿನಲ್ಲಿ ತಾಯಿಗೆ ಒರಗಿ ಕೂತಿದ್ದಳು. ಮಳವಳ್ಳಿ ದಾಟಿದ ಮೇಲೆ ಇಳಿಹೊತ್ತಿನ ಬಿಸಿಲು ಚುರುಗುಟ್ಟಿತು. ಮುಂಜಾನೆಯಿಂದ ಎದ್ದಿದ್ದ ಅತ್ತೆಗೂ ನನಗೂ ತೂಕಡಿಕೆ. ನಾನು ಕಣ್ಣು ಮುಚ್ಚಿದ್ದೆ, ಎಷ್ಟು ಹೊತ್ತೋ ತಿಳಿಯದು. ‘ಅಪ್ಪಾ, ನಿಲ್ಸಪ್ಪ’ ಅನ್ನುವ ದನಿಗೆ ಎಚ್ಚರವಾಯಿತು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಮಾವನ ತೋಳು ಎರಡು ಸಲ ತಟ್ಟಿದೆ. ಕಾರು ನಿಲ್ಲುವಷ್ಟರಲ್ಲಿ ಅವಳು ಮೈಮೇಲೆಲ್ಲ ವಾಂತಿ ಮಾಡಿಕೊಂಡಿದ್ದಳು.

ಮದ್ದೂರು ಇನ್ನೇನು ಹತ್ತಿರ. ಒಂದು ಮರದ ನೆರಳಲ್ಲಿ ಇಳಿಸಿ, ಬಾಯಿ ತೊಳೆಸಿ, ಗಾಳಿ ಹಾಕಿದೆವು. ಹೆದರುವಂಥದ್ದು ಏನೂ ಇರಲಿಲ್ಲ, ಸೆಕೆಗೆ ಹೊಟ್ಟೆ ತೊಳಸಿತ್ತು ಅಷ್ಟೆ. ಆದರೆ ಅವಳ ಬಿಕ್ಕು ನಿಲ್ಲಲಿಲ್ಲ. ‘ಅವಾಗ್ಲಿಂದ ಕೂಗ್ತೀವ್ನಿ, ಅಪ್ಪ ನಿಲ್ಸನೇ ಇಲ್ಲ ಕಣವ್ವ. ನನ್ ಮ್ಯಾಲೆ ಏನ್ ಸಿಟ್ಟು ಅಪ್ಪಂಗೆ?’ ಅಂತ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಳು. ಅವಳು ಮದುವೆಯಾಗಿ ಹೋದಾಗ ಮಾವನ ಕಿವಿ ಇಷ್ಟು ಹೋಗಿರಲಿಲ್ಲ.

ಮಾವ ನನ್ನ ಮುಂದೆ ಬಂದು ನಿಂತರು. ‘ಏನ್ ಅಂತಾವ್ಳೆ?’

ನಾನು ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಅವರು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರಿಂದ ಆಗಲಿಲ್ಲ. ‘ನಿಮ್ಮುನ್ನ ಭಾಳ ಹೊತ್ತಿಂದ ಕೂಗ್ತಿದ್ಳಂತೆ ಮಾವ’ ಅಂದೆ.

ಮಾವ ಮಗಳ ಹತ್ತಿರ ಹೋಗಿ ತಲೆ ಸವರಿದರು. ಕಾರಿನ ಬಾನೆಟ್ಟಿನ ಮೇಲೆ ಒಂದು ಸಲ ಕೈಯಾಡಿಸಿದರು. ಆಮೇಲೆ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟು, ‘ಮಗ್ಳು ಕರ್ದಿದ್ದೇ ಕೇಳ್ನಿಲ್ಲ ಅಂದ್ಮ್ಯಾಲೆ ಸಾಕು ಕಣವ್ವ. ನೀನೇ ಓಡ್ಸು’ ಅಂದರು. ‘ಮಾವ, ಇದೊಂದ್ಸಲ ನಾನು ನಿದ್ದೆ ಮಾಡ್ಬುಟ್ಟೆ, ಇನ್ಮ್ಯಾಲೆ ಮಾಡಕ್ಕಿಲ್ಲ’ ಅಂದೆ. ಅವರು ಅಷ್ಟರಲ್ಲಿ ಆಚೆ ಕಡೆಯ ಬಾಗಿಲಿಗೆ ನಡೆದಿದ್ದರು. ಬೆನ್ನಿಗೆ ಹೇಳಿದ ಮಾತು, ಕೇಳಿಸಿರಲಾರದು.

ಅಂಗಳದಲ್ಲಿ ಲಾರಿ ಆಡಿಸಿದ್ದೇ ನನ್ನ ವಿದ್ಯೆ, ಲೈಸೆನ್ಸಿನ ಮಾತು ಕೇಳಬೇಡಿ. ಮದ್ದೂರಿನ ಸಂತೆಬೀದಿಯಲ್ಲಿ ಜನ ಕೋತಿಯಾಟ ನೋಡುವ ಹಾಗೆ ನಿಂತು ನೋಡಿದರು. ಯಲಿಯೂರು ಸೇರುವಾಗ ಸಂಜೆಯಾಗಿತ್ತು. ನನ್ನವರು ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತಿದ್ದವರು, ಸ್ಟೇರಿಂಗಿನ ಹಿಂದೆ ನನ್ನನ್ನು ನೋಡಿ ಬಾಯಿ ತೆರೆದರು. ಅವರು ಕೇಳುವ ಮುಂಚೆಯೇ ಮಾವ ಇಳಿದು ಎದುರಿಗೆ ಹೋಗಿ ನಿಂತರು. ನಡುವೆ ಅತ್ತೆ ಇರಲಿಲ್ಲ.

‘ನಂಗೆ ಕಿವಿ ಕೇಳಕ್ಕಿಲ್ಲ ಕಣ್ಲಾ. ಮೂರು ವರ್ಸ ಆಯ್ತು. ಅವ್ವಂದೂ ಇವ್ಳ್ದೂ ತಪ್ಪಿಲ್ಲ, ನಾನೇ ಯೋಳ್ಬ್ಯಾಡಿ ಅಂದಿದ್ದೆ. ಗಾಡಿ ಮಾರೋದಾದ್ರೆ ಮಾರ್ಬುಡು.’

ನನ್ನವರು ಅಪ್ಪನನ್ನು ನೋಡಿದರು, ತಂಗಿಯನ್ನು ನೋಡಿದರು, ತಲೆ ತಗ್ಗಿಸಿ ಮೆಲ್ಲಗೆ ಏನೋ ಅಂದರು. ಮಾವ ಉತ್ತರಕ್ಕೆ ಕಾಯುತ್ತ ಹಾಗೇ ನಿಂತಿದ್ದರು. ಆಗ ಮಗನಿಗೆ ಹೊಳೆಯಿತು. ಹತ್ತಿರ ಬಂದು, ಅಪ್ಪನ ಎರಡೂ ಭುಜ ಹಿಡಿದು, ಕಿವಿಗೆ ಬಾಯಿ ಹಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು: ‘ಗಾಡಿ ಇರ್ಲಿ ಬುಡಪ್ಪ. ಇವ್ಳು ಓಡುಸ್ತಾಳೆ, ನೀನು ಪಕ್ಕದಲ್ಲಿ ಕುಂತ್ಕೋ.’

ಮಾವನಿಗೆ ಕೇಳಿಸಿತು. ‘ಅಂಗೇ ಆಗ್ಲಿ’ ಅಂದು, ಮಗಳ ಕೈ ಹಿಡಿದುಕೊಂಡು ಒಳಗೆ ಹೋದರು.